ಬ್ಯಾಂಕಿನ ಸಾಲದ ಲೆಕ್ಕವನ್ನು ಪರೀಕ್ಷಿಸುವ ಕ್ರಮವೂ ಸಾಲಗಾರ ರೈತನ ಹಕ್ಕುಗಳೂ

1. ಪೀಠಿಕೆ

ವ್ಯವಸಾಯಕ್ಕೆ ಬೀಜ, ಗೊಬ್ಬರ, ನೀರುಗಳು ಹೇಗೆ ಅವಶ್ಯಕವೋ ಹಾಗೆಯೇ ಸಕಾಲದಲ್ಲಿ ದೊರೆಯುವ ಸಾಲವೂ ಅವಶ್ಯಕವಾಗಿದೆ. ಆದರೆ ಬಿತ್ತುವ ಬೀಜವನ್ನು ಅಳೆದು ನೋಡುವ, ಗೊಬ್ಬರದ ಚೀಲಗಳನ್ನು ಎಣಿಸಿ ಇಳಿಸಿಕೊಳ್ಳುವ ರೈತರಲ್ಲಿ ಅನೇಕರು ತಮ್ಮ ಸಾಲದ ಲೆಕ್ಕವನ್ನು ಮಾತ್ರ ಒಮ್ಮೆಯೂ ತೆರೆದು ನೋಡುವುದಿಲ್ಲ. ಬ್ಯಾಂಕಿನವರು ಹೇಳಿದ ಮೊಬಲಗನ್ನು ಕಟ್ಟುವುದು, ಕಟ್ಟಲಾಗದಿದ್ದರೆ ಹೊಸ ಕಾಗದಕ್ಕೆ ರುಜು ಹಾಕಿ ಬರುವುದು, ಇಷ್ಟೇ ರೂಢಿಯಾಗಿದೆ. ಬ್ಯಾಂಕಿನ ಲೆಕ್ಕವು ಯಂತ್ರದಿಂದ ತಯಾರಾಗುವುದರಿಂದ ಅದರಲ್ಲಿ ತಪ್ಪು ಇರಲಾರದೆಂಬ ನಂಬಿಕೆಯೂ ಬಲವಾಗಿದೆ. ಯಂತ್ರವು ಕೂಡುವುದರಲ್ಲಿ ತಪ್ಪುವುದಿಲ್ಲವೆಂಬುದು ನಿಜವಾದರೂ, ಯಾವ ದರ, ಯಾವ ವಾಯಿದೆ, ಯಾವ ಖರ್ಚು ಎಂಬುದನ್ನು ಅದಕ್ಕೆ ತಿಳಿಸುವವರು ಮನುಷ್ಯರೇ ಆಗಿರುತ್ತಾರೆ. ಅಲ್ಲಿ ತಪ್ಪು ನುಸುಳಿದರೆ ಅದು ವರ್ಷವರ್ಷವೂ ತಪ್ಪದೆ ಮರುಕಳಿಸುತ್ತದೆ.

ಲೆಕ್ಕದಲ್ಲಿ ಹೆಚ್ಚು ಹಣವನ್ನು ಖರ್ಚು ಹಾಕಿದ್ದಾರೆಂದು ಅನುಮಾನ ಬಂದಾಗ ಬ್ಯಾಂಕಿಗೆ ಹೋಗಿ ತಮ್ಮ ಕಷ್ಟವನ್ನು ಹೇಳಿಕೊಳ್ಳುವವರು ಬಹಳ. ಮಳೆ ಬರಲಿಲ್ಲ, ಬೆಲೆ ಬಿದ್ದುಹೋಯಿತು, ಮಗಳ ಮದುವೆಯಾಯಿತು ಎಂಬ ಮಾತುಗಳು ಸತ್ಯವೇ ಆಗಿರಬಹುದು. ಆದರೆ ಅವುಗಳಿಂದ ಕನಿಕರ ಹುಟ್ಟೀತೇ ಹೊರತು ಲೆಕ್ಕ ತಿದ್ದಲ್ಪಡದು. ರೈತನ ಆಕ್ಷೇಪಣೆಯು ಕಷ್ಟದ ಮೇಲೆ ನಿಲ್ಲದೆ ಲೆಕ್ಕದ ಬಾಬಿನ ಮೇಲೆ ನಿಲ್ಲಬೇಕು. “ಇಂಥ ತಾರೀಖಿನಲ್ಲಿ ಇಷ್ಟು ರೂಪಾಯಿಯನ್ನು ಇಂಥ ನಿಯಮಕ್ಕೆ ವಿರುದ್ಧವಾಗಿ ಖರ್ಚು ಹಾಕಲಾಗಿದೆ” ಎಂದು ಬರಹದ ಮೂಲಕ ತೋರಿಸಿಕೊಟ್ಟರೆ ಅದಕ್ಕೆ ಉತ್ತರ ಕೊಡುವುದು ಬ್ಯಾಂಕಿನ ಕರ್ತವ್ಯವಾಗುತ್ತದೆ. ಹಾಗೆ ತೋರಿಸಿಕೊಡುವ ಕ್ರಮವನ್ನು ತಿಳಿಸುವುದೇ ಈ ಪತ್ರಿಕೆಯ ಉದ್ದೇಶ.

2. ಈ ಹಕ್ಕುಗಳು ಬಂದ ಬಗೆ

ಸಾಲಗಾರನಿಗೆ ತನ್ನ ಲೆಕ್ಕವನ್ನು ಕೇಳುವ ಹಕ್ಕು ಸುಲಭವಾಗಿ ಬಂದದ್ದಲ್ಲ. 1875ನೇ ಇಸವಿಯಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟುಹಾಕಿದರು. ಇದರ ವಿಚಾರಣೆಯ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆಯು ಹೊರಟಿತು. ಸಾಲಪತ್ರದಲ್ಲಿ ಬರೆದ ಮೊಬಲಗನ್ನೇ ನಂಬದೆ, ಮೊದಲು ಕೊಟ್ಟ ಅಸಲೆಷ್ಟು, ಬಡ್ಡಿಯೆಷ್ಟು, ಸಂದಾಯವೆಷ್ಟು ಎಂದು ಹಿಂದಿನಿಂದ ಲೆಕ್ಕ ತೆಗೆಯುವ ಅಧಿಕಾರವನ್ನು ಆ ಕಾಯಿದೆಯು ನ್ಯಾಯಾಲಯಗಳಿಗೆ ಕೊಟ್ಟಿತು. ಹಣ ಕಟ್ಟಿದ ರೈತನಿಗೆ ರಸೀತಿಯನ್ನೂ ಲೆಕ್ಕದ ವಿವರವನ್ನೂ ಪಡೆಯುವ ಹಕ್ಕನ್ನು ಸಹ ಅದು ಒದಗಿಸಿತು. ಮೈಸೂರು ಸಂಸ್ಥಾನದಲ್ಲಿ 1928ರಲ್ಲಿ ರೈತರ ಪರಿಹಾರ ಕಾಯಿದೆ ಜಾರಿಗೆ ಬಂದಿತು.

ಸಾಹುಕಾರನನ್ನು ಬಿಟ್ಟು ಪರಸ್ಪರ ಸಹಾಯದಿಂದ ಸಾಲ ಒದಗಿಸಿಕೊಳ್ಳುವ ಏರ್ಪಾಡೂ ಅದೇ ಕಾಲದಲ್ಲಿ ತೊಡಗಿತು. 1904ರ ಸಹಕಾರ ಸಂಘಗಳ ಕಾಯಿದೆಯ ಮೇರೆಗೆ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು. ಈಗ ಸಾಹುಕಾರನ ಸ್ಥಾನದಲ್ಲಿ ಬಹುಮಟ್ಟಿಗೆ ಬ್ಯಾಂಕುಗಳೂ ಸಹಕಾರ ಸಂಘಗಳೂ ನಿಂತಿವೆ. ಲೆಕ್ಕ ಕೇಳಬೇಕಾದ ಅವಶ್ಯಕತೆಯು ಮಾತ್ರ ಹಿಂದಿನಂತೆಯೇ ಉಳಿದಿದೆ.

3. ಓವರ್‌ಡ್ರಾಫ್ಟ್ ಖಾತೆ ಎಂದರೇನು

ಖಾತೆಯಲ್ಲಿ ತನ್ನದಾಗಿ ಇರುವ ಶಿಲ್ಕಿಗಿಂತ ಹೆಚ್ಚು ಹಣವನ್ನು ಬ್ಯಾಂಕಿನ ಒಪ್ಪಿಗೆಯ ಮೇಲೆ, ಗೊತ್ತಾದ ಮಿತಿಯವರೆಗೆ, ತೆಗೆದುಕೊಳ್ಳುವುದಕ್ಕೆ ಓವರ್‌ಡ್ರಾಫ್ಟ್ ಎನ್ನುತ್ತಾರೆ. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲವೂ ಇದೇ ಬಗೆಯಲ್ಲಿ ನಡೆಯತಕ್ಕದ್ದಾಗಿದೆ. ಮಿತಿಯೊಳಗೆ ರೈತನು ಬೇಕಾದಾಗ ಹಣ ತೆಗೆಯಬಹುದು, ಕೈಗೆ ಬಂದಾಗ ಕಟ್ಟಬಹುದು, ಪುನಃ ತೆಗೆಯಬಹುದು.

ಇಂಥ ಖಾತೆಯಲ್ಲಿ ಬಡ್ಡಿಯು ಮಂಜೂರಾದ ಮಿತಿಯ ಮೇಲಲ್ಲ, ತೆಗೆದ ಹಣದ ಮೇಲೆ, ಅದು ರೈತನ ಕೈಯಲ್ಲಿದ್ದ ದಿನಗಳಿಗೆ ಮಾತ್ರ ಬರತಕ್ಕದ್ದು. ಮಿತಿ 1,00,000 ರೂಪಾಯಿ ಇದ್ದು ತೆಗೆದದ್ದು 60,000 ಆದರೆ ಬಡ್ಡಿಯು 60,000ಕ್ಕೆ ಮಾತ್ರವೇ.

4. ಬಡ್ಡಿಯನ್ನು ಲೆಕ್ಕ ಹಾಕಿ ನೋಡುವ ರೀತಿ

ಇದಕ್ಕೆ ಹೆಚ್ಚಿನ ವಿದ್ಯೆಯೇನೂ ಬೇಕಾಗಿಲ್ಲ. ಅಸಲನ್ನು ಬಡ್ಡಿಯ ದರದಿಂದಲೂ ದಿನಗಳ ಸಂಖ್ಯೆಯಿಂದಲೂ ಗುಣಿಸಿ, ಬಂದದ್ದನ್ನು 36,500ರಿಂದ ಭಾಗಿಸಿದರೆ ಬಡ್ಡಿ ದೊರೆಯುತ್ತದೆ.

ಉದಾಹರಣೆ: ಒಬ್ಬ ರೈತನು ಜುಲೈ 10ರಂದು 60,000 ರೂಪಾಯಿಗಳನ್ನೂ ಸೆಪ್ಟೆಂಬರ್ 3ರಂದು 40,000 ರೂಪಾಯಿಗಳನ್ನೂ ತೆಗೆದನೆಂದು ಭಾವಿಸೋಣ. ದರ ನೂರಕ್ಕೆ 7. ಲೆಕ್ಕದಲ್ಲಿ ಜುಲೈ 10ರಿಂದಲೇ ಪೂರ್ತಿ 1,00,000ಕ್ಕೆ ಬಡ್ಡಿ ಹಾಕಿದ್ದರೆ, ತಾನು ಇನ್ನೂ ತೆಗೆಯದಿದ್ದ 40,000ಕ್ಕೆ 55 ದಿನಗಳ ಬಡ್ಡಿಯನ್ನು ಅವನು ತೆತ್ತಂತಾಯಿತು. 40,000ವನ್ನು 7ರಿಂದಲೂ 55ರಿಂದಲೂ ಗುಣಿಸಿ 36,500ರಿಂದ ಭಾಗಿಸಿದರೆ ಸುಮಾರು 422 ರೂಪಾಯಿ ಬರುತ್ತದೆ. ಈ 422 ರೂಪಾಯಿ ಅವನಿಗೆ ಹಿಂದಕ್ಕೆ ಬರಬೇಕಾದ ಹಣ.

ಇನ್ನು ವಾಯಿದೆಯ ವಿಚಾರ. ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನದ ಯೋಜನೆಯ ಮೇರೆಗೆ, 2025-26ನೇ ಸಾಲಿನಲ್ಲಿಯೂ, 3 ಲಕ್ಷ ರೂಪಾಯಿಗಳವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ನೂರಕ್ಕೆ 7 ಆಗಿದ್ದು, ವಾಯಿದೆಯೊಳಗೆ ತೀರಿಸಿದವರಿಗೆ ಇನ್ನೂ ನೂರಕ್ಕೆ 3ರ ರಿಯಾಯಿತಿ ದೊರೆತು ನಿವ್ವಳ ಬಡ್ಡಿ ನೂರಕ್ಕೆ 4 ಆಗುತ್ತಿತ್ತು. ಅಂದರೆ 1,00,000ಕ್ಕೆ ವರ್ಷದಲ್ಲಿ 3,000 ರೂಪಾಯಿಗಳ ವ್ಯತ್ಯಾಸ. ಸಹಕಾರ ಸಂಘಗಳ ಮೂಲಕ ಕರ್ನಾಟಕ ಸರ್ಕಾರವು ಕೊಡಿಸುವ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 2023-24ನೇ ಸಾಲಿನ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಇಂಥ ಸೌಲಭ್ಯಗಳೆಲ್ಲವೂ ವಾಯಿದೆಯನ್ನೇ ಅವಲಂಬಿಸಿರುವುದರಿಂದ, ಸಾಲ ಪಡೆದ ದಿನವೇ ವಾಯಿದೆಯ ತಾರೀಖನ್ನು ಪಾಸ್ ಪುಸ್ತಕದ ಮೇಲೆ ಬರೆಯಿಸಿಕೊಳ್ಳತಕ್ಕದ್ದು. ವಾಯಿದೆಯೊಳಗೆ ಕಟ್ಟಿದ್ದರೂ ರಿಯಾಯಿತಿಯು ಖಾತೆಗೆ ಜಮಾ ಆಗಿಲ್ಲದಿದ್ದರೆ ಅದು ಆಕ್ಷೇಪಣೆಗೆ ತಕ್ಕ ಬಾಬು.

5. ಚಕ್ರಬಡ್ಡಿಯ ವಿಚಾರ

ಬಡ್ಡಿಯನ್ನು ಅಸಲಿಗೆ ಸೇರಿಸಿ ಆ ಮೊತ್ತದ ಮೇಲೆ ಪುನಃ ಬಡ್ಡಿ ಹಾಕುವುದೇ ಚಕ್ರಬಡ್ಡಿ. ಹೀಗೆ ಸೇರಿಸುವ ಅವಧಿಯು ಎಷ್ಟು ಹತ್ತಿರವಾದರೆ ಸಾಲವು ಅಷ್ಟು ಬೇಗನೆ ಬೆಳೆಯುತ್ತದೆ. ನೂರಕ್ಕೆ 9ರ ದರದಲ್ಲಿ 1,00,000 ರೂಪಾಯಿಗೆ ವರ್ಷಕ್ಕೊಮ್ಮೆ ಬಡ್ಡಿ ಸೇರಿಸುತ್ತಾ ಹೋದರೆ ಮೂರು ವರ್ಷಗಳಲ್ಲಿ ಬಡ್ಡಿಯು ಸುಮಾರು 29,503 ರೂಪಾಯಿ ಆಗುತ್ತದೆ. ತಿಂಗಳು ತಿಂಗಳೂ ಸೇರಿಸುತ್ತಾ ಹೋದರೆ ಅದೇ ದರದಲ್ಲಿ 30,865 ರೂಪಾಯಿ ಆಗುತ್ತದೆ. ದರವು ಒಂದೇ ಆದರೂ 1,362 ರೂಪಾಯಿ ಹೆಚ್ಚು.

ನೌಕರನಿಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ರೈತನಿಗೆ ಹಣ ಬರುವುದು ಬೆಳೆ ಕೈಗೆ ಬಂದಾಗ ಮಾತ್ರ. ಈ ಭೇದವನ್ನು ನ್ಯಾಯಾಲಯವೂ ಒಪ್ಪಿಕೊಂಡಿದೆ. 2001ನೇ ಇಸವಿ ಅಕ್ಟೋಬರ್ ತಿಂಗಳಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು, ವ್ಯವಸಾಯದ ಸಾಲಗಳನ್ನು ಇತರ ಸಾಲಗಳಿಗಿಂತ ಬೇರೆಯಾಗಿ ಎಣಿಸಬೇಕೆಂದೂ, ಆಯಾ ಪ್ರದೇಶದ ಬೆಳೆಗಳ ಸರದಿಯನ್ನು ಅನುಸರಿಸಿ ವರ್ಷಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಮಾತ್ರ ಬಡ್ಡಿಯನ್ನು ಅಸಲಿಗೆ ಸೇರಿಸಬಹುದೆಂದೂ ತೀರ್ಪು ಕೊಟ್ಟಿತು. ಆದುದರಿಂದ ಬೆಳೆಸಾಲದ ಲೆಕ್ಕದಲ್ಲಿ ಪ್ರತಿ ತಿಂಗಳೂ ಬಡ್ಡಿಯು ಅಸಲಿಗೆ ಸೇರುತ್ತಿರುವುದು ಕಂಡುಬಂದರೆ ಅದನ್ನು ಕೂಡಲೆ ಪ್ರಶ್ನಿಸತಕ್ಕದ್ದು.

ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದ ದಾಮ್‌ದುಪ್ಪಟ್ಟಿನ ನ್ಯಾಯವನ್ನು ಹಿರಿಯರು ಬಲ್ಲರು. ಬಡ್ಡಿಯು ಅಸಲನ್ನು ಮೀರಬಾರದೆಂಬುದೇ ಅದರ ಸಾರ. ಬಡ್ಡಿಯ ದರಗಳನ್ನು ಕುರಿತ ರಿಸರ್ವ್ ಬ್ಯಾಂಕಿನ 2016ನೇ ಇಸವಿಯ ನಿರ್ದೇಶನಗಳಲ್ಲಿ ಇದರ ಛಾಯೆ ಕಾಣುತ್ತದೆ. ಸಣ್ಣ ಮತ್ತು ಅತಿಸಣ್ಣ ರೈತರಿಗೆ ಕೊಟ್ಟ ಅಲ್ಪಾವಧಿ ಸಾಲಗಳಲ್ಲಿ, ಖಾತೆಗೆ ಖರ್ಚು ಹಾಕಿದ ಬಡ್ಡಿಯ ಒಟ್ಟು ಮೊಬಲಗು ಅಸಲನ್ನು ಮೀರಕೂಡದೆಂದು ಅವುಗಳಲ್ಲಿ ವಿಧಿಸಲಾಗಿದೆ. ಹಳೆಯ ಸುಸ್ತಿ ಸಾಲಗಳನ್ನು ಹೊತ್ತ ಚಿಕ್ಕ ಹಿಡುವಳಿದಾರರು ಈ ವಿಧಿಯನ್ನು ಮುಖ್ಯವಾಗಿ ನೆನಪಿನಲ್ಲಿಡತಕ್ಕದ್ದು.

6. ಸುಸ್ತಿಗಾಗಿ ಹಾಕುವ ದಂಡ

ವಾಯಿದೆ ಮೀರಿದಾಗ ಬ್ಯಾಂಕು ದಂಡ ಹಾಕಬಹುದು. ಆದರೆ ಆ ದಂಡಕ್ಕೂ ಮೇರೆಯುಂಟು. 2023ನೇ ಇಸವಿ ಆಗಸ್ಟ್ 18ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಮುಖ್ಯಾಂಶಗಳು ಹೀಗಿವೆ:

(ಅ) ದಂಡವನ್ನು ಬಡ್ಡಿಯ ದರಕ್ಕೆ ಸೇರಿಸಿ ಹೆಚ್ಚು ಬಡ್ಡಿಯ ರೂಪದಲ್ಲಿ ವಸೂಲು ಮಾಡಕೂಡದು. ಅದನ್ನು ಬೇರೆ ಖರ್ಚಾಗಿಯೇ ತೋರಿಸತಕ್ಕದ್ದು.

(ಆ) ದಂಡವನ್ನು ಅಸಲಿಗೆ ಸೇರಿಸಕೂಡದು. ಅದರ ಮೇಲೆ ಪುನಃ ಬಡ್ಡಿ ಹಾಕಕೂಡದು.

(ಇ) ದಂಡದ ಮೊಬಲಗು ತಪ್ಪಿಗೆ ತಕ್ಕಷ್ಟಿರಬೇಕು. ಅದನ್ನು ಸಾಲದ ಕರಾರಿನಲ್ಲಿ ಮುಂಚೆಯೇ ತಿಳಿಸಿರಬೇಕು.

(ಈ) ಸುಸ್ತಿಯ ಜ್ಞಾಪನಾಪತ್ರ ಕಳುಹಿಸುವಾಗ ದಂಡವೆಷ್ಟೆಂಬುದನ್ನು ತಿಳಿಸಬೇಕು.

ಈ ನಿಯಮಗಳು ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಅನ್ವಯಿಸಿದವು. ಹಳೆಯ ಸಾಲಗಳನ್ನು ಅದೇ ವರ್ಷದ ಜೂನ್ 30ರೊಳಗೆ ಇದಕ್ಕೆ ಹೊಂದಿಸಬೇಕೆಂದು ಗೊತ್ತುಮಾಡಲಾಯಿತು. 1,000 ರೂಪಾಯಿ ದಂಡವನ್ನು ಅಸಲಿನೊಳಗೆ ಸೇರಿಸಿ ನೂರಕ್ಕೆ 9ರಂತೆ ಬಡ್ಡಿ ಹಾಕಿದರೆ ವರ್ಷಕ್ಕೆ 90 ರೂಪಾಯಿ ಹೆಚ್ಚಾಗುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ನಿಯಮಕ್ಕೆ ವಿರುದ್ಧವಾದ ಬಾಬು ಅಲ್ಪವಾದರೂ ಸರಿ, ಅದನ್ನು ಬಿಡತಕ್ಕದ್ದಲ್ಲ. ಒಂದು ಬಾಬು ತಪ್ಪಿರುವ ಲೆಕ್ಕದಲ್ಲಿ ಇನ್ನೂ ಕೆಲವು ತಪ್ಪಿರುವುದುಂಟು.

7. ಉಳಿತಾಯ ಖಾತೆಯಲ್ಲಿ ಕಡಿಮೆ ಶಿಲ್ಕಿನ ದಂಡ

ಹಾಲಿನ ಹಣ, ಬೆಳೆಯ ಪರಿಹಾರ, ಸರ್ಕಾರದ ಸಹಾಯಧನ ಮುಂತಾದವು ಉಳಿತಾಯ ಖಾತೆಗೆ ಬರುತ್ತವೆ. ಆ ಖಾತೆಯಲ್ಲಿ ಕನಿಷ್ಠ ಶಿಲ್ಕು ಇಲ್ಲದಿದ್ದರೆ ಕೆಲವು ಬ್ಯಾಂಕುಗಳು ದಂಡ ಹಾಕುತ್ತವೆ. 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ದಂಡ ಹಾಕುವ ಮೊದಲು ಖಾತೆದಾರನಿಗೆ ತಿಳಿವಳಿಕೆ ಕೊಟ್ಟು, ಶಿಲ್ಕನ್ನು ಸರಿಪಡಿಸಲು ಕನಿಷ್ಠ ಒಂದು ತಿಂಗಳ ಅವಕಾಶ ಕೊಡಬೇಕು. ದಂಡವು ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ದಂಡದ ದೆಸೆಯಿಂದಲೇ ಖಾತೆಯು ಶೂನ್ಯಕ್ಕಿಂತ ಕೆಳಗಿಳಿಯಕೂಡದು.

ಖಾತೆಯಲ್ಲಿ 120 ರೂಪಾಯಿ ಇದ್ದು 200 ರೂಪಾಯಿ ದಂಡ ಹಾಕಿ, 80 ರೂಪಾಯಿ ಬಾಕಿ ಎಂದು ತೋರಿಸಿದ್ದರೆ ಅದು ಮೇಲ್ಕಂಡ ನಿಯಮಕ್ಕೆ ವಿರುದ್ಧ. ಹೀಗೆ ತೋರಿಸಿದ ಬಾಕಿಯು ಖಾತೆದಾರನು ಕೇಳದೆಯೇ ಅವನ ಮೇಲೆ ಹೊರಿಸಿದ ಓವರ್‌ಡ್ರಾಫ್ಟ್ ಆಗುತ್ತದೆ, ಮುಂದೆ ಬರುವ ಸಹಾಯಧನವನ್ನು ಅದೇ ಮೊದಲು ನುಂಗುತ್ತದೆ. ಎರಡು ವರ್ಷಗಳಿಂದ ವ್ಯವಹಾರವಿಲ್ಲದೆ ಸ್ಥಗಿತವಾದ ಖಾತೆಗೆ ಕಡಿಮೆ ಶಿಲ್ಕಿನ ದಂಡವನ್ನಾಗಲಿ, ಅದನ್ನು ಪುನಃ ಚಾಲ್ತಿಗೆ ತರುವುದಕ್ಕೆ ಶುಲ್ಕವನ್ನಾಗಲಿ ಹಾಕಕೂಡದೆಂದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮವು ಹೇಳುತ್ತದೆ. ಕನಿಷ್ಠ ಶಿಲ್ಕಿನ ಕಟ್ಟುಪಾಡೇ ಇಲ್ಲದ ಮೂಲ ಉಳಿತಾಯ ಖಾತೆಯೂ ಬ್ಯಾಂಕುಗಳಲ್ಲಿ ಉಂಟು. ಅಲ್ಪ ಆದಾಯದವರು ಅದನ್ನೇ ತೆರೆಯುವುದು ಲೇಸು.

8. ಪರೀಕ್ಷಿಸಬೇಕಾದ ಇತರ ಬಾಬುಗಳು

ಪರಿಶೀಲನಾ ಶುಲ್ಕ, ದಸ್ತಾವೇಜು ಶುಲ್ಕ, ಲೆಡ್ಜರ್ ಶುಲ್ಕ ಮುಂತಾದ ಹೆಸರುಗಳಲ್ಲಿ ಸಣ್ಣ ಸಣ್ಣ ಮೊಬಲಗುಗಳು ಲೆಕ್ಕದಲ್ಲಿ ಕಾಣಿಸುವುದುಂಟು. ಸಣ್ಣ ಮತ್ತು ಅತಿಸಣ್ಣ ರೈತರ 3 ಲಕ್ಷ ರೂಪಾಯಿಗಳವರೆಗಿನ ಬೆಳೆಸಾಲಕ್ಕೆ ಇಂಥ ಶುಲ್ಕಗಳನ್ನು ಬಿಟ್ಟುಕೊಡಬೇಕೆಂದು 2019ರ ಫೆಬ್ರವರಿಯಲ್ಲಿ ಬ್ಯಾಂಕುಗಳ ಸಂಘವು ತನ್ನ ಬ್ಯಾಂಕುಗಳಿಗೆ ಸೂಚಿಸಿತು. 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆಯವರೆಗಿನ ಹಿಡುವಳಿಯುಳ್ಳವರು ಈ ವರ್ಗಕ್ಕೆ ಸೇರುತ್ತಾರೆ.

ಬೆಳೆ ವಿಮೆಯ ಕಂತನ್ನು ವಿಶೇಷವಾಗಿ ನೋಡತಕ್ಕದ್ದು. 2020ರ ಮುಂಗಾರಿನಿಂದ ಸಾಲಗಾರ ರೈತರಿಗೂ ಫಸಲ್ ಬಿಮಾ ಯೋಜನೆಯು ಐಚ್ಛಿಕವಾಯಿತು. ಬೇಡವೆನ್ನುವವರು ಗೊತ್ತಾದ ಕಡೆಯ ದಿನಕ್ಕೆ ಏಳು ದಿನ ಮುಂಚಿತವಾಗಿ ಬ್ಯಾಂಕಿಗೆ ಬರೆದುಕೊಡಬೇಕು. ರೈತನ ಪಾಲಿನ ಕಂತು ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ 5ನ್ನು ಮೀರದಂತೆ ಗೊತ್ತಾಗಿದೆ. ಕಂತನ್ನು ಖಾತೆಯಿಂದ ತೆಗೆದಿದ್ದರೆ ಯಾವ ಸರ್ವೆ ನಂಬರಿಗೆ, ಯಾವ ಬೆಳೆಗೆ, ಎಷ್ಟು ವಿಸ್ತೀರ್ಣಕ್ಕೆ ವಿಮೆಯಾಗಿದೆಯೆಂಬುದರ ರಸೀತಿಯನ್ನು ಅದೇ ಹಂಗಾಮಿನಲ್ಲಿ ಪಡೆಯಬೇಕು. ರಾಗಿ ಬೆಳೆದ ಹೊಲಕ್ಕೆ ಜೋಳದ ವಿಮೆಯಾಗಿದ್ದರೆ ಬೆಳೆ ಹಾಳಾದ ಮೇಲೆ ತಿಳಿದು ಫಲವಿಲ್ಲ. ಬ್ಯಾಂಕಿನ ತಪ್ಪಿನಿಂದ ಅಥವಾ ಮರೆವಿನಿಂದ ರೈತನಿಗೆ ವಿಮೆಯ ಹಣ ತಪ್ಪಿಹೋದರೆ ಅದಕ್ಕೆ ಬ್ಯಾಂಕೇ ಹೊಣೆಯೆಂದು ಆ ಯೋಜನೆಯ ಮಾರ್ಗಸೂಚಿಗಳಲ್ಲಿದೆ.

9. ರುಜು ಹಾಕುವುದಕ್ಕೆ ಮುಂಚೆ

ವರ್ಷಕ್ಕೊಮ್ಮೆ ಅಥವಾ ಸಾಲವನ್ನು ನವೀಕರಿಸುವಾಗ ಬ್ಯಾಂಕಿನವರು ಕೆಲವು ಕಾಗದಗಳಿಗೆ ರುಜು ಕೇಳುವರು. ಅವುಗಳಲ್ಲಿ ಬಾಕಿಯನ್ನು ಒಪ್ಪಿಕೊಳ್ಳುವ ಪತ್ರವೂ ಇರುತ್ತದೆ. ಇದನ್ನು ಬರಿಯ ರೂಢಿಯ ಕಾಗದವೆಂದು ತಿಳಿಯಬಾರದು. 1963ರ ಕಾಲಮಿತಿ ಕಾಯಿದೆಯ 18ನೇ ಪ್ರಕರಣದಂತೆ, ಕಾಲಮಿತಿ ಮುಗಿಯುವುದರೊಳಗಾಗಿ ಸಾಲವನ್ನು ಬರಹದಲ್ಲಿ ಒಪ್ಪಿಕೊಂಡರೆ ಆ ದಿನದಿಂದ ಕಾಲಮಿತಿಯು ಹೊಸದಾಗಿ ಮೊದಲಾಗುತ್ತದೆ. ಅಲ್ಲದೆ ಅದರಲ್ಲಿ ಬರೆದ ಮೊಬಲಗನ್ನು ರೈತನೇ ಒಪ್ಪಿದನೆಂದು ಮುಂದೆ ನ್ಯಾಯಾಲಯದಲ್ಲಿ ತೋರಿಸಲು ಅವಕಾಶವಾಗುತ್ತದೆ.

ಹಾಗೆಂದು ನ್ಯಾಯವಾದ ಸಾಲವನ್ನು ಒಪ್ಪದೆ ತಪ್ಪಿಸಿಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಮೊಬಲಗಿನ ಸ್ಥಳವನ್ನು ಖಾಲಿ ಬಿಟ್ಟ ಕಾಗದಕ್ಕೆ ಯಾರೂ ರುಜುವನ್ನಾಗಲಿ ಹೆಬ್ಬೆಟ್ಟಿನ ಗುರುತನ್ನಾಗಲಿ ಹಾಕಕೂಡದು. ಲೆಕ್ಕವನ್ನು ನೋಡಿದ ಮೇಲೆ, ತಕರಾರಿನ ಬಾಬು ಇದ್ದರೆ “ಇಂಥ ಬಾಬಿನ ಬಗ್ಗೆ ನನ್ನ ಆಕ್ಷೇಪಣೆಯನ್ನು ಉಳಿಸಿಕೊಂಡು” ಎಂದು ತನ್ನ ಕೈಯಿಂದಲೇ ಬರೆದು ರುಜು ಹಾಕಬಹುದು. ಕರಾರಿನ ನಕಲನ್ನು ಕೇಳಿ ಪಡೆಯುವುದು ಸಾಲಗಾರನ ಹಕ್ಕು.

10. ಆಕ್ಷೇಪಣೆ ಸಲ್ಲಿಸುವ ಕ್ರಮ

ಮೊದಲನೆಯದಾಗಿ, ಸಾಲದ ಆರಂಭದಿಂದ ಆ ದಿನದವರೆಗಿನ ಪೂರ್ತಿ ಲೆಕ್ಕದ ನಕಲನ್ನು ಬರಹದ ಮೂಲಕ ಕೇಳತಕ್ಕದ್ದು. ಪಾಸ್ ಪುಸ್ತಕದಲ್ಲಿ ಅನೇಕ ಬಾಬುಗಳು ಸಂಕ್ಷೇಪವಾಗಿರುವುದರಿಂದ ಅದೊಂದೇ ಸಾಲದು.

ಎರಡನೆಯದಾಗಿ, ಆ ನಕಲನ್ನು ತನ್ನಲ್ಲಿರುವ ರಸೀತಿಗಳೊಡನೆ ತಾಳೆ ನೋಡಿ, ಸಂಶಯವಿರುವ ಪ್ರತಿ ಬಾಬಿನ ತಾರೀಖು, ಹೆಸರು, ಮೊಬಲಗುಗಳನ್ನು ಬೇರೆ ಹಾಳೆಯಲ್ಲಿ ಪಟ್ಟಿ ಮಾಡತಕ್ಕದ್ದು.

ಮೂರನೆಯದಾಗಿ, ಶಾಖೆಯ ಮ್ಯಾನೇಜರ್‌ರವರಿಗೆ ಅರ್ಜಿ ಕೊಟ್ಟು ನಕಲಿನ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳತಕ್ಕದ್ದು. ಅವರು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ಅಂಚೆಯ ರಸೀತಿಯನ್ನು ಇಟ್ಟುಕೊಳ್ಳತಕ್ಕದ್ದು. ಬಾಯಿಮಾತಿನ ದೂರಿಗೆ ತಾರೀಖಿಲ್ಲ. ತಾರೀಖಿಲ್ಲದ ದೂರನ್ನು ಮೇಲಿನವರ ಮುಂದೆ ರುಜುವಾತು ಮಾಡುವುದು ಕಷ್ಟ.

ಅರ್ಜಿಯ ಮಾದರಿ:

“ಶಾಖೆಯ ಮ್ಯಾನೇಜರ್‌ರವರಿಗೆ, …… ಗ್ರಾಮದ ವಾಸಿ …… ಎಂಬ ನಾನು ಬರೆದುಕೊಳ್ಳುವ ಅರ್ಜಿ. ನನ್ನ ಬೆಳೆಸಾಲದ ಖಾತೆ ನಂಬರು …… ರ ಲೆಕ್ಕವನ್ನು ಪರೀಕ್ಷಿಸಿದಾಗ ಕೆಳಗಿನ ಬಾಬುಗಳು ತಪ್ಪಾಗಿ ಖರ್ಚು ಬಿದ್ದಿರುವುದು ಕಂಡುಬಂದಿದೆ. (1) …… ತಾರೀಖಿನಲ್ಲಿ …… ರೂಪಾಯಿ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಲಾಗಿದೆ. ಇದು ರಿಸರ್ವ್ ಬ್ಯಾಂಕಿನ 18-8-2023ರ ಸುತ್ತೋಲೆಗೆ ವಿರುದ್ಧವಾಗಿದೆ. (2) …… ಈ ಬಾಬುಗಳನ್ನು ರದ್ದುಮಾಡಿ, ಅವುಗಳ ಮೇಲೆ ಬಿದ್ದ ಬಡ್ಡಿಯನ್ನೂ ನನ್ನ ಖಾತೆಗೆ ಜಮಾ ಮಾಡಿ, ತಿದ್ದಿದ ಲೆಕ್ಕದ ನಕಲನ್ನು ಕೊಡಿಸಬೇಕಾಗಿ ಕೋರುತ್ತೇನೆ. ತಕರಾರಿಲ್ಲದ ಮೊಬಲಗನ್ನು ವಾಯಿದೆಯೊಳಗೆ ಕಟ್ಟಲು ಸಿದ್ಧನಿದ್ದೇನೆ. ಬರಹದ ಉತ್ತರವನ್ನು ದಯಪಾಲಿಸಬೇಕು.”

ಮೇಲಣ ಕೊನೆಯ ಮಾತುಗಳಿಗಿಂತ ಮುಂಚಿನ ವಾಕ್ಯವನ್ನು ಬಹಳವಾಗಿ ಗಮನಿಸಬೇಕು. 400 ರೂಪಾಯಿಯ ತಕರಾರಿಗಾಗಿ 1,00,000 ರೂಪಾಯಿಯ ಕಂತನ್ನು ನಿಲ್ಲಿಸಿದವನು ನೂರಕ್ಕೆ 3ರ ರಿಯಾಯಿತಿಯನ್ನು ಕಳೆದುಕೊಂಡು 3,000 ರೂಪಾಯಿ ನಷ್ಟಪಡುತ್ತಾನೆ. ಅವನ ಹೆಸರೂ ಸುಸ್ತಿದಾರರ ಪಟ್ಟಿಗೆ ಸೇರುತ್ತದೆ. ಆದಕಾರಣ ತಕರಾರಿಲ್ಲದ ಹಣವನ್ನು ಕಟ್ಟಿಯೇ ತಕರಾರನ್ನು ನಡೆಯಿಸತಕ್ಕದ್ದು.

11. ಬ್ಯಾಂಕಿನಿಂದ ನ್ಯಾಯ ದೊರೆಯದಿದ್ದರೆ

ಅರ್ಜಿ ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರವು ತೃಪ್ತಿಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಎಂಬ ಅಧಿಕಾರಿಗೆ ದೂರು ಕೊಡಬಹುದು. 2021ರ ನವೆಂಬರ್ 12ರಂದು ಜಾರಿಗೆ ಬಂದ ಏಕೀಕೃತ ಯೋಜನೆಯು ದೇಶಕ್ಕೆಲ್ಲ ಒಂದೇ ದೂರಿನ ಕೇಂದ್ರವನ್ನು ಚಂಡೀಗಢದಲ್ಲಿ ಏರ್ಪಡಿಸಿತು. ದೂರನ್ನು ಅಂಚೆಯಿಂದಲೂ ರಿಸರ್ವ್ ಬ್ಯಾಂಕಿನ ಅಂತರ್ಜಾಲ ತಾಣದಿಂದಲೂ ಕಳುಹಿಸಬಹುದೆಂದೂ ಅದಕ್ಕೆ ಯಾವ ಶುಲ್ಕವೂ ಇಲ್ಲವೆಂದೂ ಗೊತ್ತುಮಾಡಿತು. 14448 ಎಂಬ ನಂಬರಿಗೆ ದೂರವಾಣಿ ಮಾಡಿ ವಿವರಗಳನ್ನು ತಿಳಿಯಬಹುದು. ದೂರಿಗೆ ಕಾಲಮಿತಿಯಿರುವುದರಿಂದ, ಬ್ಯಾಂಕಿನ ಉತ್ತರ ಕೈಸೇರಿದೊಡನೆ ಅಥವಾ 30 ದಿನಗಳು ಕಳೆದೊಡನೆ ತಡಮಾಡದೆ ಕಳುಹಿಸತಕ್ಕದ್ದು. ನ್ಯಾಯಾಲಯದಲ್ಲಿ ಆಗಲೇ ನಡೆಯುತ್ತಿರುವ ವಿಷಯವನ್ನು ಇಲ್ಲಿಗೆ ತರಲಾಗದು.

ಪ್ರಾಥಮಿಕ ಸಹಕಾರ ಸಂಘದ ಲೆಕ್ಕದ ತಕರಾರುಗಳ ದಾರಿ ಬೇರೆ. ಅವುಗಳನ್ನು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 70ನೇ ಪ್ರಕರಣದಂತೆ ಸಹಕಾರ ಇಲಾಖೆಯ ರಿಜಿಸ್ಟ್ರಾರ್‌ರವರ ಮುಂದೆ ಇಡಬೇಕು.

ಮೂರನೆಯ ಮಾರ್ಗವು ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ತಕರಾರು ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಬಡ್ಡಿಯ ದರವೇ ಅತಿಯಾಯಿತೆಂಬ ವಾದವು ಬ್ಯಾಂಕುಗಳ ವಿರುದ್ಧ ಸಾಧಾರಣವಾಗಿ ನಿಲ್ಲುವುದಿಲ್ಲ. 1984ರಲ್ಲಿ ಬ್ಯಾಂಕಿಂಗ್ ಕಾಯಿದೆಗೆ ಸೇರಿಸಲ್ಪಟ್ಟ 21-ಎ ಪ್ರಕರಣವು, ದರ ಹೆಚ್ಚೆಂಬ ಒಂದೇ ಕಾರಣದಿಂದ ಬ್ಯಾಂಕಿನ ಸಾಲದ ಲೆಕ್ಕವನ್ನು ನ್ಯಾಯಾಲಯಗಳು ತೆರೆಯಕೂಡದೆಂದು ವಿಧಿಸಿತು. ಆದರೆ ಕರ್ನಾಟಕದಿಂದಲೇ ಹೋದ ಕಾರ್ಪೊರೇಷನ್ ಬ್ಯಾಂಕಿನ ಮೊಕದ್ದಮೆಯಲ್ಲಿ 1994ರಲ್ಲಿ ಸರ್ವೋಚ್ಚ ನ್ಯಾಯಾಲಯವು, ರಿಸರ್ವ್ ಬ್ಯಾಂಕಿನ ನಿರ್ದೇಶನವನ್ನು ಮೀರಿ ಬಡ್ಡಿ ಹಾಕಿದ್ದರೆ ಹಾಗೆ ಮೀರಿದ ಭಾಗಕ್ಕೆ ಪರಿಹಾರ ಕೊಡಲು ಈ ಪ್ರಕರಣ ಅಡ್ಡಿಯಲ್ಲವೆಂದು ಸ್ಪಷ್ಟಪಡಿಸಿತು. ಕಷ್ಟವನ್ನು ಹೇಳಬೇಡಿ, ನಿಯಮವನ್ನು ತೋರಿಸಿ ಎಂದು ನಾವು ಒತ್ತಿ ಹೇಳುವುದಕ್ಕೆ ಇದೇ ಕಾರಣ.

12. ವಸೂಲಿಯೂ ಜಮೀನೂ

ಸಾಲ ವಸೂಲಿಗೆ ಬರುವ ಏಜೆಂಟರು ಬೆಳಿಗ್ಗೆ 8 ಗಂಟೆಗೆ ಮುಂಚೆ ಅಥವಾ ಸಂಜೆ 7 ಗಂಟೆಯ ಮೇಲೆ ಸಾಲಗಾರನಿಗೆ ದೂರವಾಣಿ ಮಾಡಕೂಡದೆಂದೂ, ಬೆದರಿಕೆ, ಬೈಗುಳ, ಅವಮಾನಗಳಿಗೆ ಕೈಹಾಕಕೂಡದೆಂದೂ ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ವಿಧಿಸಿತು. ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆಯೇ ಆಸ್ತಿಯನ್ನು ಸ್ವಾಧೀನಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯಿದೆಯು ಅದರ 31ನೇ ಪ್ರಕರಣದಂತೆ ವ್ಯವಸಾಯದ ಜಮೀನಿಗೆ ಅನ್ವಯಿಸುವುದಿಲ್ಲ. ಆದರೆ ಅಡವು ಬರೆದುಕೊಟ್ಟ ಜಮೀನನ್ನು ಇತರ ಕಾನೂನುಗಳ ಮೇರೆಗೆ ವಸೂಲಿಗೆ ಗುರಿಪಡಿಸಲು ಅವಕಾಶವಿರುವುದರಿಂದ, ಇದನ್ನು ನಂಬಿ ಸಾಲವನ್ನು ಮರೆಯತಕ್ಕದ್ದಲ್ಲ.

ಸಾಲ ತೀರಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಪಹಣಿಯ ಋಣಗಳ ಕಲಮಿನಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದು, ಭಾಗವಾಗುವಾಗ ಅಥವಾ ಕ್ರಯದ ಕಾಲದಲ್ಲಿ ತೊಂದರೆ ಕೊಡುವುದನ್ನು ಎಲ್ಲರೂ ಕಂಡಿದ್ದಾರೆ. 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಆಸ್ತಿಯ ಮೂಲ ಪತ್ರಗಳನ್ನು ಹಿಂದಕ್ಕೆ ಕೊಟ್ಟು ನೋಂದಾಯಿಸಿದ ಋಣಭಾರವನ್ನು ತೆಗೆಸಬೇಕು. ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಸಾಲವಿಲ್ಲವೆಂಬ ಪತ್ರವನ್ನು ಪಡೆದು, ಪಹಣಿಯಲ್ಲಿ ನಮೂದು ತೆಗೆದುಹೋಗುವವರೆಗೆ ಬೆನ್ನು ಹತ್ತತಕ್ಕದ್ದು.

13. ಗ್ರಾಮದ ಪ್ರಮುಖರಿಗೆ ವಿಜ್ಞಾಪನೆ

ಹಳ್ಳಿಯಲ್ಲಿ ಓದುಬರಹ ಬಲ್ಲವರೂ ಹತ್ತು ಜನರ ವಿಶ್ವಾಸಕ್ಕೆ ಪಾತ್ರರಾದವರೂ ಆದ ಯಜಮಾನರ ಸಹಾಯವಿಲ್ಲದೆ ಈ ಕಾರ್ಯವು ನಡೆಯಲಾರದು. ವಿಧವೆಯರೂ ವೃದ್ಧರೂ ಕಚೇರಿಯ ಕಾಗದವನ್ನು ಕಂಡು ಹೆದರುವವರೂ ತಮ್ಮ ಲೆಕ್ಕವನ್ನು ತಾವೇ ಕೇಳಲಾರರು. ಆದುದರಿಂದ ಗ್ರಾಮದ ಪ್ರಮುಖರು ಸುಗ್ಗಿಯಾದ ಮೇಲೆ ಒಂದು ದಿನವನ್ನು ಗೊತ್ತುಮಾಡಿ, ಎಲ್ಲರ ಪಾಸ್ ಪುಸ್ತಕಗಳನ್ನೂ ಲೆಕ್ಕದ ನಕಲುಗಳನ್ನೂ ಚಾವಡಿಯಲ್ಲಿಯೋ ಶಾಲೆಯಲ್ಲಿಯೋ ತೆರೆಯಿಸಿ, ಶಾಲೆಯ ಉಪಾಧ್ಯಾಯರ ಅಥವಾ ಕಾಲೇಜಿನಲ್ಲಿ ಓದುವ ಹುಡುಗರ ಸಹಾಯದಿಂದ ಬಡ್ಡಿಯನ್ನು ತಾಳೆ ನೋಡಿಸಬೇಕು. ಒಬ್ಬನ ಲೆಕ್ಕದಲ್ಲಿ ಕಂಡ ತಪ್ಪು ಅದೇ ಶಾಖೆಯ ಇನ್ನೂ ಅನೇಕರ ಲೆಕ್ಕದಲ್ಲಿರುವ ಸಂಭವವುಂಟು. ಹಾಗಿದ್ದರೆ ಪ್ರತಿಯೊಬ್ಬರೂ ಬೇರೆ ಬೇರೆ ಅರ್ಜಿ ಕೊಡುವುದು ಉತ್ತಮ. ಬ್ಯಾಂಕಿನ ನೌಕರರೊಡನೆ ಜಗಳಕ್ಕೆ ನಿಲ್ಲುವುದರಿಂದ ಯಾವ ಪ್ರಯೋಜನವೂ ಇಲ್ಲ. ತಪ್ಪು ಅನೇಕ ವೇಳೆ ಅವರ ಕೈಯಿಂದ ಆದದ್ದಲ್ಲ, ತೋರಿಸಿಕೊಟ್ಟರೆ ತಿದ್ದುವವರೇ ಹೆಚ್ಚು.

ಪ್ರತಿಯೊಂದು ಮನೆಯಲ್ಲಿಯೂ ಸಾಲದ ಕಾಗದಗಳಿಗಾಗಿಯೇ ಒಂದು ಚೀಲವಿರಲಿ. ಕರಾರಿನ ನಕಲು, ರಸೀತಿಗಳು, ವಿಮೆಯ ಪತ್ರ, ಅರ್ಜಿಗಳ ನಕಲು ಇವೆಲ್ಲವೂ ಅದರಲ್ಲಿ ಸೇರಲಿ. ವರ್ಷಕ್ಕೆ ಎರಡು ಸಲ, ಮುಂಗಾರಿನ ಬಿತ್ತನೆಗೆ ಮುಂಚೆ ಒಮ್ಮೆ, ವಾಯಿದೆಗೆ ಒಂದು ತಿಂಗಳು ಮುಂಚೆ ಒಮ್ಮೆ, ಲೆಕ್ಕವನ್ನು ತೆರೆದು ನೋಡತಕ್ಕದ್ದು. ನ್ಯಾಯವಾದ ಸಾಲವನ್ನು ಸಕಾಲದಲ್ಲಿ ತೀರಿಸುವುದೂ ನ್ಯಾಯವಲ್ಲದ ಬಾಬನ್ನು ಬರಹದಲ್ಲಿ ಪ್ರಶ್ನಿಸುವುದೂ ರೈತನ ಮರ್ಯಾದೆಗೆ ತಕ್ಕ ನಡತೆಯೇ ಆಗಿವೆ. ಈ ಪತ್ರಿಕೆಯನ್ನು ಓದಬಲ್ಲವರು ಓದಲಾರದ ನೆರೆಯವರಿಗೆ ಓದಿ ಹೇಳಬೇಕೆಂದು ಕೋರಲಾಗಿದೆ.